ವೆಬ್‌ಸೈಟ್ ಕಟ್ಟೋರು ಎಷ್ಟು ಜನ? ಒಬ್ಬರ ಕೆಲಸ ಹಂಚಿಹೋದ ಕಥೆ

ಮನೆ ಕಟ್ಟುವಾಗ ಯಾರು ಏನು ಮಾಡುತ್ತಾರೆ ಅನ್ನೋದು ಊರಿನ ಎಲ್ಲರಿಗೂ ಗೊತ್ತು. ಪಾಯ ತೆಗೆಯೋರು ಬೇರೆ, ಗಾರೆಯವರು ಬೇರೆ, ಸೆಂಟ್ರಿಂಗ್‌ನವರು ಬೇರೆ, ವೈರಿಂಗ್‌ನವರು ಬೇರೆ. ಗಾರೆಯವರಲ್ಲೂ ಇಟ್ಟಿಗೆ ಎತ್ತಿಕೊಡುವ ಆಳಿಗೆ ಒಂದು ಕೂಲಿ, ಗೋಡೆ ಎಬ್ಬಿಸುವವನಿಗೆ ಇನ್ನೊಂದು, ಇಡೀ ಮನೆಯ ಲೆಕ್ಕ ತಲೆಯಲ್ಲಿಟ್ಟುಕೊಂಡು ನಿಂತ ಮೇಸ್ತ್ರಿಗೆ ಮತ್ತೊಂದು. ಈ ವ್ಯತ್ಯಾಸವನ್ನು ಯಾರೂ ನಮಗೆ ಪಾಠ ಮಾಡಿ ಹೇಳಬೇಕಾಗಿಲ್ಲ.

ಆದರೆ "ನಮ್ಮ ಹುಡುಗ ವೆಬ್‌ಸೈಟ್ ಮಾಡ್ತಾನೆ" ಅಂದಾಗ ಆತ ಇದರಲ್ಲಿ ಯಾರು ಅಂತ ಕೇಳುವವರಿಲ್ಲ. ನಮ್ಮ ಕಡೆ ಸೈಟ್ ಅಂದರೆ ಈಗಲೂ ಮೊದಲು ನೆನಪಾಗೋದು ಮೂವತ್ತು-ನಲವತ್ತರ ಜಾಗ, ಅದು ಬೇರೆ ಮಾತು.

ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಸೆಂಟರ್ ಇದ್ದೇ ಇರುತ್ತದೆ. ಬೋರ್ಡಿನಲ್ಲಿ ಟ್ಯಾಲಿ, ಡಿಟಿಪಿ, ಅದರ ಕೆಳಗೆ ವೆಬ್ ಡಿಸೈನಿಂಗ್. ಸುದ್ದಿಗೆ ಓಡಾಡುವಾಗ ಪಿಯುಸಿ ಮುಗಿಸಿದ ಮಕ್ಕಳ ತಂದೆ-ತಾಯಿ ನನ್ನನ್ನು ಕೇಳುವುದುಂಟು, ಇದನ್ನು ಕಲಿತರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತಾ ಅಂತ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ. ಬೋರ್ಡಿನ ಮೇಲಿರುವ ಆ ಕೆಲಸ ಒಂದು ಕಾಲದಲ್ಲಿ ನಿಜವಾಗಿಯೂ ಒಂದೇ ಕೆಲಸವಾಗಿತ್ತು. ಆಮೇಲೆ ಒಡೆದು ಹತ್ತಾರು ಕೆಲಸಗಳಾಯಿತು. ನಮ್ಮಂಥ ಊರುಗಳಲ್ಲಿ ಮಾತ್ರ ಅದು ಮತ್ತೆ ಒಬ್ಬನ ತಲೆ ಮೇಲೆ ಬಂದು ಕೂತಿದೆ. ಹೇಗೆ ಅಂತ ನೋಡೋಣ.

ಸ್ವಿಟ್ಜರ್‌ಲೆಂಡ್‌ನ ಜಿನೀವಾ ಪಕ್ಕದಲ್ಲಿ ಸರ್ನ್ ಎಂಬ ಭೌತವಿಜ್ಞಾನದ ದೊಡ್ಡ ಸಂಶೋಧನಾ ಕೇಂದ್ರ ಇದೆ. ಅಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಒಂದು ಪ್ರಸ್ತಾವ ಬರೆದರು. ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಚದುರಿ ಬಿದ್ದ ಕಾಗದಪತ್ರಗಳನ್ನು ಕೊಂಡಿ ಹಾಕಿ ಜೋಡಿಸುವ ಯೋಚನೆ ಅದು. 1990ರ ಕೊನೆಯ ಹೊತ್ತಿಗೆ ಮೊದಲ ಸರ್ವರ್, ಮೊದಲ ಬ್ರೌಸರ್ ಎರಡೂ ತಯಾರಾದವು. ಅವು ಓಡುತ್ತಿದ್ದದ್ದು ಒಂದು ಕಪ್ಪು ಬಣ್ಣದ ನೆಕ್ಸ್ಟ್ ಕಂಪ್ಯೂಟರಿನಲ್ಲಿ. ಇದು ಸರ್ವರ್, ಯಾರೂ ಆಫ್ ಮಾಡಬೇಡಿ ಎಂಬ ಅರ್ಥದ ಚೀಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದರು. ಯಾರಾದರೂ ಸ್ವಿಚ್ ಆರಿಸಿದ್ದರೆ ಇಡೀ ಜಗತ್ತಿನ ವೆಬ್ ಬಂದ್!

ಇದನ್ನೆಲ್ಲ ಬರ್ನರ್ಸ್-ಲೀ ಒಬ್ಬರೇ ಮಾಡಿದರು ಅಂತ ಶಾಲಾ ಪುಸ್ತಕದ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಹಾಗಲ್ಲ. ಅವರ ಜೊತೆ ಬೆಲ್ಜಿಯಂನ ರಾಬರ್ಟ್ ಕಾಯೋ ಇದ್ದರು. ಪ್ರಸ್ತಾವವನ್ನು ಮೇಲಿನವರಿಗೆ ಅರ್ಥವಾಗುವಂತೆ ತಿದ್ದಿ ಬರೆಯುವುದು, ಹಣ ಕೇಳುವುದು, ಕೆಲಸಕ್ಕೆ ವಿದ್ಯಾರ್ಥಿಗಳನ್ನು ಹುಡುಕಿ ತರುವುದು ಇವೆಲ್ಲ ಅವರ ಪಾಲು. ಇಂದು ಬೆಂಗಳೂರಿನ ಕಂಪನಿಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅಂತ ಕರೆಯೋದು ಹೆಚ್ಚುಕಡಿಮೆ ಇದೇ ಕೆಲಸವನ್ನು.

ಮೂರನೆಯವರು ನಿಕೋಲಾ ಪೆಲ್ಲೊ. ಇಂಗ್ಲೆಂಡಿನಿಂದ ತರಬೇತಿಗೆಂದು ಬಂದಿದ್ದ ಗಣಿತ ವಿದ್ಯಾರ್ಥಿನಿ, ಇನ್ನೂ ಡಿಗ್ರಿ ಮುಗಿದಿರಲಿಲ್ಲ. ಬರ್ನರ್ಸ್-ಲೀ ಬರೆದ ಬ್ರೌಸರ್ ನೆಕ್ಸ್ಟ್ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು, ಸರ್ನ್‌ನಲ್ಲಿ ಹೆಚ್ಚಿನವರ ಬಳಿ ಆ ಯಂತ್ರವೇ ಇರಲಿಲ್ಲ. ಚಿತ್ರವಿಲ್ಲದೆ, ಮೌಸ್ ಇಲ್ಲದೆ, ಬರೀ ಅಕ್ಷರದಲ್ಲಿ ಯಾವ ಸಾದಾ ಯಂತ್ರದಲ್ಲೂ ಓಡುವ ಬ್ರೌಸರನ್ನು ಪೆಲ್ಲೊ ಬರೆದರು. ಇಂಟರ್ನ್ ಅಂದರೆ ಟೀ ತರೋರು ಅಂತ ತಿಳಿದಿರುವ ಸಂಸ್ಥೆಗಳು ಈ ಹೆಸರು ನೆನಪಿಡಬೇಕು.

ಆದರೂ ಜನ ಅದನ್ನು ಬಳಸಲು ಶುರು ಮಾಡಿದ್ದು ತಂತ್ರಜ್ಞಾನ ನೋಡಿ ಅಲ್ಲ. ಸರ್ನ್‌ನ ದೂರವಾಣಿ ಪುಸ್ತಕ ವೆಬ್‌ನಲ್ಲಿ ಸಿಗುತ್ತದೆ ಅಂತ ಆದ ಮೇಲೆ ನೌಕರರು ಅದನ್ನು ತೆರೆದಿಟ್ಟುಕೊಳ್ಳತೊಡಗಿದರು. ಆ ಪುಸ್ತಕದ ಮಾಹಿತಿ ನೋಡಿಕೊಳ್ಳುತ್ತಿದ್ದವರು ಬರ್ನ್ಡ್ ಪೊಲ್ಲರ್‌ಮನ್. ಅಮೆರಿಕದಲ್ಲೂ ಇದೇ ಆಯಿತು. 1991ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಆ ದೇಶದ ಮೊದಲ ವೆಬ್ ಸರ್ವರ್ ಶುರುವಾಯಿತು. ತಂದವರು ಪಾಲ್ ಕುನ್ಜ್ ಎಂಬ ವಿಜ್ಞಾನಿ. ಆದರೆ ಭೌತವಿಜ್ಞಾನ ಪ್ರಬಂಧಗಳ ದೊಡ್ಡ ಪಟ್ಟಿಯನ್ನು ಇದರಲ್ಲಿ ಸಿಗುವಂತೆ ಮಾಡಿದರೆ ಎಷ್ಟು ಜನಕ್ಕೆ ಉಪಯೋಗ ಅಂತ ಕೂಡಲೇ ಗುರುತಿಸಿ ಬೆನ್ನು ಹತ್ತಿದವರು ಅಲ್ಲಿನ ಗ್ರಂಥಪಾಲಕಿ ಲೂಯಿಸ್ ಆಡಿಸ್. ಇಂಥ ಪುಟದೊಳಗೆ ಏನಿರಬೇಕು ಅಂತ ನಿರ್ಧರಿಸುವ ಕೆಲಸ ಶುರುವಿನಿಂದಲೂ ಇತ್ತು. ಅದಕ್ಕೆ ಸಂಬಳ ಕೊಟ್ಟು ಒಂದು ಹೆಸರಿಡಲು ಮಾತ್ರ ವರ್ಷಗಳು ಹಿಡಿದವು.

1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಅಂತ ಘೋಷಿಸಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಮೊಸಾಯಿಕ್ ಬ್ರೌಸರ್ ತಂದರು. ಅಕ್ಷರದ ನಡುವೆಯೇ ಚಿತ್ರ ಕಾಣಿಸಿತು. ಅಲ್ಲಿಗೆ ಕಂಪನಿಗಳಿಗೆ ಆಸೆ ಹುಟ್ಟಿತು, ನಮಗೂ ಒಂದು ಸೈಟ್ ಇರಲಿ ಅಂತ.

ಮಾಡಿಕೊಡುವವರು ಯಾರು? ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ಗೊತ್ತಿದ್ದ ಯಾರೋ ಒಬ್ಬರು. ಅವರಿಗೆ ವೆಬ್‌ಮಾಸ್ಟರ್ ಅಂತ ಹೆಸರು ಬಿತ್ತು. ಪುಟ ಬರೆಯೋದು, ಫೋಟೊ ಸ್ಕ್ಯಾನ್ ಮಾಡೋದು, ಸರ್ವರ್ ಕೆಟ್ಟರೆ ರಾತ್ರಿ ಎದ್ದು ಹೋಗೋದು, ಓದುಗರ ಪತ್ರಕ್ಕೆ ಉತ್ತರಿಸೋದು ಎಲ್ಲಾ ಒಬ್ಬರೇ. ಜಿಲ್ಲಾ ಸ್ಟ್ರಿಂಗರ್‌ಗಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸುದ್ದಿ ನಾವೇ, ಫೋಟೊ ನಾವೇ, ವಿಡಿಯೊ ನಾವೇ, ಹಬ್ಬ ಬಂದರೆ ಜಾಹೀರಾತೂ ನಾವೇ ತರಬೇಕು.

ಈ ಒಬ್ಬಂಟಿ ಕೆಲಸ ಮೊದಲು ಒಡೆದದ್ದು ಅಂದದ ವಿಷಯದಲ್ಲಿ. ಆಗಿನ ಪುಟಗಳು ಬೂದು ಬಣ್ಣದ ಹಿನ್ನೆಲೆಯಲ್ಲಿ ಒಂದರ ಕೆಳಗೆ ಒಂದು ಸಾಲು, ಅಷ್ಟೇ. ಪತ್ರಿಕೆಯ ಪುಟದಂತೆ ಎರಡು ಕಾಲಂ ಮಾಡಬೇಕೆಂದರೂ ದಾರಿ ಇರಲಿಲ್ಲ. ಮುದ್ರಣ ಮತ್ತು ಜಾಹೀರಾತು ಲೋಕದವರು ಇಲ್ಲಿಗೆ ಬಂದದ್ದು ಆಗ. 1995ರಲ್ಲಿ ವಾರ್ನರ್ ಬ್ರದರ್ಸ್ 'ಬ್ಯಾಟ್‌ಮನ್ ಫಾರೆವರ್' ಸಿನಿಮಾಕ್ಕೆ ಸೈಟ್ ಮಾಡಿಸಿತು. ಮಾಡಿದವರಲ್ಲಿ ಜೆಫ್ರಿ ಝೆಲ್ಡ್‌ಮನ್ ಒಬ್ಬರು. ಜಾಹೀರಾತಿಗೆ ಬರಹ ಬರೆಯುತ್ತಿದ್ದವರು ಗ್ರಾಹಕರಿಗೆ ವೆಬ್‌ಸೈಟ್ ಮಾಡಿಕೊಡುವವರಾದರು. ಮರುವರ್ಷ ಡೇವಿಡ್ ಸೀಗಲ್ ತಮ್ಮ ಪುಸ್ತಕದಲ್ಲಿ ಒಂದು ಉಪಾಯವನ್ನು ಜನಪ್ರಿಯ ಮಾಡಿದರು. ಅಂಕಿಅಂಶಕ್ಕೆಂದು ಇದ್ದ ಕೋಷ್ಟಕವನ್ನು ಗೆರೆ ಕಾಣದಂತೆ ಮಾಡಿ, ಅದರ ಖಾನೆಗಳೊಳಗೆ ಚಿತ್ರ-ಬರಹ ತುಂಬಿಸುವುದು. ಜಾಗ ಬೇಕಾದ ಕಡೆ ಕಣ್ಣಿಗೆ ಕಾಣದ ಚುಕ್ಕಿ ಚಿತ್ರ ಇಡುವುದು.

ಹೀಗೆ ಒಂದು ಕೆಲಸ ಎರಡಾಯಿತು. ಒಬ್ಬರು ಫೋಟೊಶಾಪ್‌ನಲ್ಲಿ ಪುಟದ ಚಿತ್ರ ಬಿಡಿಸುವವರು. ಇನ್ನೊಬ್ಬರು ಆ ಚಿತ್ರವನ್ನು ತುಂಡು ತುಂಡಾಗಿ ಕತ್ತರಿಸಿ ಕೋಷ್ಟಕದಲ್ಲಿ ಜೋಡಿಸುವವರು. ಎರಡನೆಯವರಿಗೆ ಸಂಬಳವೂ ಕಡಿಮೆ, ಮರ್ಯಾದೆಯೂ ಕಡಿಮೆ. ತಮಾಷೆ ಅಂದರೆ ಇದಕ್ಕೆ ಸರಿಯಾದ ಮದ್ದು ಮೊದಲೇ ಸಿಕ್ಕಿತ್ತು. ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲೇ ಸಿಎಸ್‌ಎಸ್ ಸೂಚಿಸಿದ್ದರು. ಬರಹ ಒಂದು ಕಡೆ, ಅದರ ಅಲಂಕಾರ ಇನ್ನೊಂದು ಕಡೆ ಇಡುವ ಪದ್ಧತಿ ಅದು. 1996ರ ಡಿಸೆಂಬರ್‌ನಲ್ಲಿ ಅದು ಅಧಿಕೃತವೂ ಆಯಿತು. ಆದರೆ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಜಗಳದಲ್ಲಿ ಒಂದರಲ್ಲಿ ಸರಿ ಕಂಡದ್ದು ಇನ್ನೊಂದರಲ್ಲಿ ಸೊಟ್ಟ ಕಾಣುತ್ತಿತ್ತು. ಒಂದೇ ಪುಟವನ್ನು ಎರಡು ಬಾರಿ ಮಾಡಬೇಕಾದ ಸ್ಥಿತಿ. ಅದರಿಂದ ಬೇಸತ್ತು ಝೆಲ್ಡ್‌ಮನ್ ಮತ್ತಿತರರು 1998ರಲ್ಲಿ ಎಲ್ಲ ಬ್ರೌಸರಿಗೂ ಒಂದೇ ನಿಯಮ ಇರಲಿ ಅಂತ ಚಳವಳಿಯನ್ನೇ ಹೂಡಿದರು.

ಇನ್ನೊಂದು ಕಡೆಯಿಂದ ಪ್ರೋಗ್ರಾಮರ್‌ಗಳು ಬಂದರು. ರಾಸ್ಮಸ್ ಲೆರ್ಡಾರ್ಫ್ ಎಂಬುವರು 1994ರಲ್ಲಿ ತಮ್ಮ ಬಯೊಡೇಟಾ ಪುಟವನ್ನು ಯಾರು ನೋಡುತ್ತಾರೆ ಅಂತ ತಿಳಿಯಲು ಬರೆದ ಸಣ್ಣ ಸಲಕರಣೆಗಳೇ ಬೆಳೆದು ಪಿಎಚ್‌ಪಿ ಆಯಿತು. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಬರೆದರು. ಫ್ರಂಟ್ ಎಂಡ್, ಬ್ಯಾಕ್ ಎಂಡ್ ಅಂತ ಈಗ ಕೇಳುತ್ತೀರಲ್ಲ, ಆ ಗೋಡೆ ಎದ್ದದ್ದು ಇಲ್ಲಿಂದ. ನೀವು ಮೊಬೈಲಿನಲ್ಲಿ ಪಹಣಿ ನೋಡುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕುತ್ತೀರಿ. ಆ ಖಾನೆಗಳು, ಗುಂಡಿಗಳು ಫ್ರಂಟ್ ಎಂಡ್. ಒತ್ತಿದ ಮೇಲೆ ಕೋಟ್ಯಂತರ ದಾಖಲೆಗಳ ನಡುವೆ ನಿಮ್ಮ ಅಜ್ಜನ ಹೆಸರಿರುವ ಒಂದನ್ನೇ ಹುಡುಕಿ ತರುವುದು ಬ್ಯಾಕ್ ಎಂಡ್. ಎರಡನ್ನೂ ಒಬ್ಬರೇ ಚೆನ್ನಾಗಿ ಬಲ್ಲವರು ಇದ್ದಾರೆ, ಆದರೆ ಕಡಿಮೆ.

ಈ ಹೊತ್ತಿಗೆ ಭಾರತಕ್ಕೂ ಇಂಟರ್ನೆಟ್ ಬಂದಿತ್ತು. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಸಂಪರ್ಕ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಡಾ. ಯು.ಬಿ. ಪವನಜ ಅವರ 'ವಿಶ್ವಕನ್ನಡ' ತಾಣ ಕನ್ನಡದಲ್ಲಿ ಶುರುವಾಯಿತು. ಅವರು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಕನ್ನಡ ತಾಣ ಕಟ್ಟುವವರಿಗೆ ಇಂಗ್ಲಿಷಿನವರಿಗೆ ಇಲ್ಲದ ಇನ್ನೊಂದು ಕೆಲಸ ಇತ್ತು, ಅಕ್ಷರ ಕಾಣಿಸುವ ಕೆಲಸ. ಓದುಗರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಹಾಗಾಗಿ ಬರಹವನ್ನೇ ಚಿತ್ರ ಮಾಡಿ ಹಾಕುವುದು, ಇಲ್ಲವೇ ಮೊದಲು ಫಾಂಟ್ ಇಳಿಸಿಕೊಳ್ಳಿ ಅಂತ ಓದುಗರಿಗೆ ಹೇಳುವುದು, ಇವೇ ದಾರಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದು, ಯುನಿಕೋಡ್ ನಿಧಾನವಾಗಿ ಬಳಕೆಗೆ ಬಂದ ಮೇಲೆ ಈ ಕಷ್ಟ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಕಟಣೆಗಳು ನನ್ನ ವಾಟ್ಸಾಪ್‌ಗೆ ಈಗಲೂ ಬರುತ್ತವೆ. ಅವನ್ನು ವೆಬ್‌ಸೈಟಿಗೆ ಹಾಕುವ ಮೊದಲು ಯುನಿಕೋಡ್‌ಗೆ ಬದಲಿಸಿ, ಒಡೆದ ಒತ್ತಕ್ಷರಗಳನ್ನು ಕೈಯಲ್ಲಿ ತಿದ್ದಬೇಕು. ನಮ್ಮ ಹಳೆಯ ಡಿಟಿಪಿ ಆಪರೇಟರ್‌ಗಳಿಗೆ ಇದು ಬೆರಳ ತುದಿಯ ವಿದ್ಯೆ. ಯಾವ ಉದ್ಯೋಗ ಜಾಹೀರಾತಿನಲ್ಲೂ ಇದನ್ನು ಒಂದು ಅರ್ಹತೆ ಅಂತ ಬರೆದದ್ದು ನಾನು ಕಂಡಿಲ್ಲ.

ಅತ್ತ ದೊಡ್ಡ ಕೆಲಸಗಳಲ್ಲಿ ದುಡ್ಡು ನೀರಿನಂತೆ ಹರಿಯಿತು. ಲಂಡನ್ನಿನ ಬೂ ಡಾಟ್ ಕಾಮ್ ಬಟ್ಟೆ ಮಾರುವ ತಾಣ 1999ರ ನವೆಂಬರ್‌ನಲ್ಲಿ ತೆರೆಯಿತು. ತಿರುಗಿಸಿ ನೋಡುವ ಚಿತ್ರಗಳು, ಮಾತಾಡುವ ಗೊಂಬೆ, ಏನುಂಟು ಏನಿಲ್ಲ. ಆಗ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಟೆಲಿಫೋನ್ ತಂತಿಯ ನಿಧಾನ ಸಂಪರ್ಕ, ಪುಟ ತೆರೆಯುವುದರೊಳಗೆ ಗಿರಾಕಿ ಎದ್ದು ಹೋಗುತ್ತಿದ್ದ. ಸುಮಾರು 13.5 ಕೋಟಿ ಡಾಲರ್ ಕರಗಿಸಿ 2000ದ ಮೇ ತಿಂಗಳಲ್ಲಿ ಅದು ಮುಚ್ಚಿತು. ಪರೀಕ್ಷೆ ಮಾಡುವವರು, ಬಳಸುವವರ ಕಷ್ಟ ಕೇಳುವವರು ಬೇಕು ಅನ್ನುವ ಮಾತಿಗೆ ಬೆಲೆ ಬರಲು ಇಂಥ ಸೋಲುಗಳೂ ಕಾರಣ. ಯುಎಕ್ಸ್ ಅನ್ನುವುದು ಈ ಕಷ್ಟ ಕೇಳುವವರ ಈಗಿನ ಹೆಸರು.

2003ರ ಮೇ 27ರಂದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ವರ್ಡ್‌ಪ್ರೆಸ್ ಬಿಡುಗಡೆ ಮಾಡಿದರು. ನಮ್ಮಂಥ ಊರುಗಳ ಕಥೆ ತಿರುಗಿದ್ದು ಇಲ್ಲಿ. ಬ್ಯಾಕ್ ಎಂಡ್ ಸಿದ್ಧವಾಗಿ ಸಿಕ್ಕಿತು, ಅಂದಕ್ಕೆ ಸಿದ್ಧ ಥೀಮ್‌ಗಳು ಬಂದವು. ದೊಡ್ಡ ಕಂಪನಿಗಳಲ್ಲಿ ಕೆಲಸ ಇನ್ನಷ್ಟು ಸಣ್ಣ ಚೂರುಗಳಾಗುತ್ತಿದ್ದಾಗ ಇಲ್ಲಿ ಒಬ್ಬ ಹುಡುಗ ಮತ್ತೆ ಎಲ್ಲವನ್ನೂ ಒಬ್ಬನೇ ಮಾಡಬಹುದು ಅಂತ ಆಯಿತು. ಹೋಂಸ್ಟೇ, ಖಾಸಗಿ ಶಾಲೆ, ಸಹಕಾರ ಸಂಘ, ಸ್ಥಳೀಯ ಸುದ್ದಿ ತಾಣ ಹೀಗೆ ಇಲ್ಲಿನ ಗಿರಾಕಿಗಳು ಕರೆಯುವುದು ಅವನನ್ನೇ. ಅವನು 1995ರ ವೆಬ್‌ಮಾಸ್ಟರ್‌ನ ವಂಶದವನು. ಬೆಂಗಳೂರಿನ ಜಾಹೀರಾತು ಕೇಳುವುದು ಬೇರೆಯವನನ್ನು. 2013ರಲ್ಲಿ ಫೇಸ್‌ಬುಕ್ ಹೊರತಂದ ರಿಯಾಕ್ಟ್‌ನಂಥ ಒಂದು ಸಲಕರಣೆಯಲ್ಲಿ ಇಷ್ಟು ವರ್ಷದ ಅನುಭವ ಇರಬೇಕು ಅನ್ನುತ್ತದೆ. ನಾಲ್ಕು ವರ್ಷ ಇಪ್ಪತ್ತು ಸೈಟ್ ಕಟ್ಟಿದ ನಮ್ಮ ಹುಡುಗ ಸಂದರ್ಶನದಲ್ಲಿ ಜೂನಿಯರ್ ಅನಿಸಿಕೊಂಡು ಬಂದರೆ ಅದು ಅವನ ದಡ್ಡತನ ಅಲ್ಲ. ಅವನು ಅಗಲ ಕಲಿತಿದ್ದಾನೆ, ಅವರು ಆಳ ಅಳೆಯುತ್ತಾರೆ. ಇದನ್ನು ಕೋರ್ಸಿನ ಫೀ ಕಟ್ಟಿಸಿಕೊಳ್ಳುವ ದಿನವೇ ಹೇಳಬೇಕು. ಹೇಳುವವರು ಕಡಿಮೆ.

ಜೂನಿಯರ್, ಸೀನಿಯರ್ ಅಂತ ಅಳೆಯುವುದು ಹೇಗೆ? ಬ್ರಿಟನ್ನಿನಲ್ಲಿ 2000ದಲ್ಲಿ ಎಸ್‌ಎಫ್‌ಐಎ ಎಂಬ ಚೌಕಟ್ಟು ಬಂತು, ಅದರಲ್ಲಿ ಏಳು ಮೆಟ್ಟಿಲು. ಮೊದಲ ಮೆಟ್ಟಿಲಿನವರು ಹೇಳಿದ್ದನ್ನು ಪಾಲಿಸುವವರು, ಎರಡನೆಯವರು ನೆರವಾಗುವವರು, ಮೂರನೆಯವರು ಕಲಿತದ್ದನ್ನು ತಾವೇ ಅನ್ವಯಿಸುವವರು, ಹೀಗೆ ಹೋಗಿ ಏಳನೆಯವರು ಸಂಸ್ಥೆಯ ದಿಕ್ಕು ನಿರ್ಧರಿಸುವವರು. ಭಾರತ ಸರ್ಕಾರ 2013ರ ಡಿಸೆಂಬರ್‌ನಲ್ಲಿ ತಂದ ಎನ್‌ಎಸ್‌ಕ್ಯೂಎಫ್‌ನಲ್ಲಿ ಹತ್ತು ಮಟ್ಟ ಇದ್ದವು. ಕೌಶಲ ತರಬೇತಿಯ ಸರ್ಟಿಫಿಕೇಟ್‌ ಮೇಲೆ ನೀವು ಈ ಮಟ್ಟದ ಸಂಖ್ಯೆ ನೋಡಿರಬಹುದು. ಎರಡೂ ಕಡೆ ಅಳೆಯುವುದು ಎಷ್ಟು ಸಾಫ್ಟ್‌ವೇರ್ ಗೊತ್ತು ಅಂತ ಮಾತ್ರ ಅಲ್ಲ, ಎಷ್ಟು ಜವಾಬ್ದಾರಿ ಹೊರುತ್ತಾರೆ ಅಂತ.

ಒಂದು ಉದಾಹರಣೆ ತಗೊಳ್ಳಿ. ಸಂಘದ ಅಧ್ಯಕ್ಷರು ಮುಖಪುಟದಲ್ಲಿ ತಮ್ಮ ಸನ್ಮಾನದ ಮೂವತ್ತು ಫೋಟೊ ಹಾಕು ಅನ್ನುತ್ತಾರೆ. ಜೂನಿಯರ್ ಮೂವತ್ತನ್ನೂ ಹಾಕುತ್ತಾನೆ. ಸ್ವಲ್ಪ ಪಳಗಿದವನು ಫೋಟೊಗಳ ತೂಕ ಇಳಿಸಿ ಹಾಕುತ್ತಾನೆ. ಸೀನಿಯರ್ ಅಧ್ಯಕ್ಷರ ಎದುರು ಕೂತು, ಸದಸ್ಯರು ಹುಡುಕಿ ಬರುವುದು ಹಾಲಿನ ದರ ಮತ್ತು ಬಟವಾಡೆ ದಿನಾಂಕವನ್ನು, ಅದು ಮೇಲಿರಲಿ ಸಾರ್, ನಿಮ್ಮದು ಒಂದು ಫೋಟೊ ಸಾಕು ಅಂತ ಒಪ್ಪಿಸಿ ಎದ್ದು ಬರುತ್ತಾನೆ. ಕೊನೆಯದನ್ನು ಯಾವ ಕೋರ್ಸ್‌ನಲ್ಲೂ ಕಲಿಸುವುದಿಲ್ಲ. ಈಗ ಎಐಗೆ ಹೇಳಿದರೆ ಮೊದಲ ಇಬ್ಬರ ಕೆಲಸ ನಿಮಿಷದಲ್ಲಿ ಆಗುತ್ತದೆ ಅನ್ನುವುದೂ ನಿಜ. ಕಲಿಯುವವರು ಕಾಲಿಡುತ್ತಿದ್ದ ಮೊದಲ ಮೆಟ್ಟಿಲೇ ಅಲುಗಾಡುತ್ತಿದೆ.

ಎಲ್ಲ ಹುದ್ದೆಗಳೂ ತುಂಬಿದ್ದರೆ ಕೆಲಸ ಸರಿಹೋಗುತ್ತದೆಯೇ? ಅಮೆರಿಕ ಸರ್ಕಾರದ ಆರೋಗ್ಯ ವಿಮೆ ತಾಣ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ತೆರೆಯಿತು. ಐವತ್ತಕ್ಕೂ ಹೆಚ್ಚು ಗುತ್ತಿಗೆದಾರ ಕಂಪನಿಗಳು, ಪ್ರತಿ ಕೆಲಸಕ್ಕೂ ತಜ್ಞರು. ಮೊದಲ ದಿನ ಪೂರ್ತಿ ನೋಂದಣಿ ಮಾಡಲು ಸಾಧ್ಯವಾದದ್ದು ಆರು ಜನಕ್ಕೆ. ವಿಮೆಯ ದರ ನೋಡುವ ಮೊದಲೇ ಖಾತೆ ತೆರೆಯಬೇಕಿತ್ತು, ಆ ಬಾಗಿಲಲ್ಲೇ ಜನ ಸಿಕ್ಕಿಬಿದ್ದರು. ಒಳಗೆ ಏನು ಕೆಟ್ಟಿದೆ ಅಂತ ಒಂದೇ ಕಡೆ ತೋರಿಸುವ ಫಲಕ ಕೂಡ ಇರಲಿಲ್ಲ. ಪ್ರತಿ ಕಂಪನಿಯೂ ತನ್ನ ಭಾಗ ಸರಿ ಇದೆ ಅನ್ನುತ್ತಿತ್ತು. ಒಟ್ಟು ಕೆಲಸಕ್ಕೆ ಹೊಣೆ ಯಾರದ್ದು ಅನ್ನುವುದೇ ಸ್ಪಷ್ಟ ಇರಲಿಲ್ಲ ಅಂತ ಆಮೇಲೆ ಸರ್ಕಾರದ ತನಿಖಾ ವರದಿಯೇ ಹೇಳಿತು. ರಿಪೇರಿಗೆ ಬಂದವರಲ್ಲಿ ಗೂಗಲ್‌ನ ಮೈಕಿ ಡಿಕರ್ಸನ್ ಒಬ್ಬರು. ದಿನಕ್ಕೆ ಎರಡು ಸಭೆ ಇಟ್ಟರು. ಸಭೆಯಲ್ಲಿ ಮಾತಾಡಬೇಕಾದ್ದು ದೊಡ್ಡ ಹುದ್ದೆಯವರಲ್ಲ, ಆ ಸಮಸ್ಯೆ ಚೆನ್ನಾಗಿ ಗೊತ್ತಿರುವವರು ಅಂತ ನಿಯಮ ಮಾಡಿದರು. ಎರಡು ತಿಂಗಳಲ್ಲಿ ತಾಣ ಬಹುಪಾಲು ಜನಕ್ಕೆ ಕೆಲಸ ಮಾಡತೊಡಗಿತು.

ನಮ್ಮಲ್ಲಿ ಹೊಣೆ ಯಾರದ್ದು ಅಂತ ನೋಡಲು ನಿಮ್ಮ ಜಿಲ್ಲೆಯ ಅಧಿಕೃತ ವೆಬ್‌ಸೈಟ್ ತೆರೆದು ತಳದವರೆಗೆ ಹೋಗಿ. ಮಾಹಿತಿ ಜಿಲ್ಲಾಡಳಿತದ್ದು, ಕಟ್ಟಿ ಇಟ್ಟುಕೊಂಡಿರುವುದು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಅಂತ ಇರುತ್ತದೆ, ಕೊನೆಯದಾಗಿ ತಿದ್ದಿದ ದಿನಾಂಕವೂ ಇರುತ್ತದೆ. ಎಲ್ಲ ಜಿಲ್ಲೆಗಳ ಸೈಟ್‌ಗಳೂ ಅಣ್ಣತಮ್ಮಂದಿರಂತೆ ಕಾಣಲು ಕಾರಣ ಅವೆಲ್ಲ ಆ ಸಂಸ್ಥೆಯ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿರುವುದು. 2009ರ ಸರ್ಕಾರಿ ವೆಬ್‌ಸೈಟ್ ಮಾರ್ಗಸೂಚಿಯ ಪ್ರಕಾರ ಪ್ರತಿ ಇಲಾಖೆಯೂ ಒಬ್ಬ ವೆಬ್ ಇನ್ಫರ್ಮೇಶನ್ ಮ್ಯಾನೇಜರ್ ನೇಮಿಸಬೇಕು. ಪುಟದಲ್ಲಿ ಹಳೆಯ ಅಧಿಕಾರಿಯ ಹೆಸರೇ ಇದ್ದರೆ ಕೇಳಬೇಕಾದ್ದು ಅವರನ್ನು. ಕಟ್ಟಿದವರನ್ನು ಬೈದು ಪ್ರಯೋಜನವಿಲ್ಲ.

ಖಾಸಗಿ ಸೈಟ್‌ಗಳಲ್ಲಿ ಇಂಥ ನಿಯಮವೂ ಇಲ್ಲ. ವೆಬ್‌ಸೈಟಿನ ವಿಳಾಸ ಅಂದರೆ ಡೊಮೈನ್, ಅದನ್ನು ಯಾರೂ ಪೂರ್ತಿ ಕೊಂಡುಕೊಳ್ಳುವುದಿಲ್ಲ, ಅವಧಿಗೆ ಹಣ ಕಟ್ಟಿ ನವೀಕರಿಸುತ್ತಾ ಇರಬೇಕು. ಒಂಥರಾ ಗುತ್ತಿಗೆ ಜಮೀನು. ನಮ್ಮ ಕಡೆ ಬಹಳ ಸಲ ಅದು ಸೈಟ್ ಮಾಡಿದ ಹುಡುಗನ ಹೆಸರಲ್ಲಿ, ಅವನ ಇಮೇಲ್‌ನಲ್ಲಿ ಇರುತ್ತದೆ. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ನಂಬರ್ ಬದಲಾಗುತ್ತದೆ, ನವೀಕರಣದ ನೆನಪೋಲೆ ಯಾರೂ ತೆರೆಯದ ಇಮೇಲ್‌ಗೆ ಹೋಗುತ್ತದೆ. ಒಂದು ದಿನ ಸೈಟ್ ಇರುವುದಿಲ್ಲ. ಇದರಲ್ಲಿ ಯಾರ ಮೋಸವೂ ಇರಬೇಕಾಗಿಲ್ಲ. ಕಟ್ಟಿಸುವವರು ಮೊದಲ ಕಂತು ಕೊಡುವ ಮುಂಚೆ ಡೊಮೈನ್ ಯಾರ ಹೆಸರಲ್ಲಿ, ಪಾಸ್‌ವರ್ಡ್ ಯಾರ ಬಳಿ, ಬ್ಯಾಕಪ್ ಎಲ್ಲಿ ಅಂತ ಕೇಳಿ ಬರೆಸಿಕೊಳ್ಳಲಿ. ಕೇಳುವ ಮೊದಲೇ ಇದನ್ನು ತಾನಾಗಿ ಬರೆದುಕೊಡುವ ಹುಡುಗ ಇಪ್ಪತ್ತೆರಡು ವರ್ಷದವನಾದರೂ ನನ್ನ ಲೆಕ್ಕದಲ್ಲಿ ಸೀನಿಯರ್.

ಕಾಪಿಡುವ ಕೆಲಸ ಬುದ್ಧಿವಂತರಿಗೂ ತಪ್ಪಿಹೋಗುತ್ತದೆ. 2013ರಲ್ಲಿ ಸರ್ನ್ ತನ್ನ ಮೊದಲ ವೆಬ್‌ಸೈಟನ್ನು ಹಳೆಯ ವಿಳಾಸದಲ್ಲೇ ಮತ್ತೆ ಇಡಲು ಹೊರಟಿತು. ಹುಡುಕಿದರೆ ಅದರ ಬಳಿ ಸಿಕ್ಕ ಅತಿ ಹಳೆಯ ಪ್ರತಿ 1992ರದ್ದು. ಅದಕ್ಕೂ ಹಿಂದಿನ ಪುಟಗಳನ್ನು ತಿದ್ದುತ್ತಾ ಹೋಗಿದ್ದರು, ತೆಗೆದಿಟ್ಟಿರಲಿಲ್ಲ. 1991ರ ಒಂದು ಪ್ರತಿ ಕೊನೆಗೆ ಸಿಕ್ಕಿದ್ದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪಾಲ್ ಜೋನ್ಸ್ ಅವರಿಗೆ ಬರ್ನರ್ಸ್-ಲೀ ಆ ವರ್ಷ ಭೇಟಿಗೆ ಬಂದಾಗ ಕೊಟ್ಟು ಹೋಗಿದ್ದ ಪುಟ ಅದು. ಜೋನ್ಸ್ ಅದನ್ನು ತಮ್ಮ ಹಳೆಯ ನೆಕ್ಸ್ಟ್ ಕಂಪ್ಯೂಟರಿನಲ್ಲಿ ಹಾಗೇ ಉಳಿಸಿಕೊಂಡಿದ್ದರು.